ಚಿತ್ರ ಬರೆಯುವವರಿಗೂ ಪೇಟೆ ಬೀದಿಯ ಬಣ್ಣದಂಗಡಿ

ಮಂಡ್ಯದ ಪೇಟೆ ಬೀದಿಯ ಈ ಬಣ್ಣದಂಗಡಿಗೆ ಬರುವವರು ಹೆಚ್ಚಾಗಿ ಮನೆಗೆ ಸುಣ್ಣಬಣ್ಣ ಮಾಡುವವರು, ಗೇಟು ಕಿಟಕಿಗೆ ಬಣ್ಣ ಹೊಡೆಯುವವರು. ಚಿತ್ರ ಬರೆಯುವ ಹುಡುಗರು ಇದನ್ನು ದಾಟಿಕೊಂಡು, ಬೆರಳುದ್ದದ ಟ್ಯೂಬಿಗಾಗಿ ಮೈಸೂರಿನ ಬಸ್ ಹತ್ತುತ್ತಾರೆ. ಬೋರ್ಡ್ ಬರೆದೇ ಬದುಕಿದ ನನಗೆ ಅದನ್ನು ಕಂಡರೆ ಸಂಕಟವಾಗುತ್ತದೆ.

ಕಂಡ ರೂಪಕ್ಕಿಂತ ಭಾವವನ್ನೇ ಬಣ್ಣ, ಗೆರೆಗಳಲ್ಲಿ ಹೊಮ್ಮಿಸುವ ಅಮೂರ್ತ ಅಭಿವ್ಯಕ್ತಿವಾದ ಎಂಬ ಚಿತ್ರಪಂಥದ ದೊಡ್ಡ ಹೆಸರು ವಿಲ್ಲೆಮ್ ಡಿ ಕೂನಿಂಗ್ ಬಳಸಿದ್ದು ಇಂಥದ್ದೇ ಅಂಗಡಿಯ ಬಣ್ಣವನ್ನು. 1904ರಲ್ಲಿ ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮಿನಲ್ಲಿ ಹುಟ್ಟಿದವನು, 1926ರಲ್ಲಿ ಹಡಗಿನಲ್ಲಿ ಅಡಗಿ ಕುಳಿತು ಅಮೆರಿಕಕ್ಕೆ ಬಂದ. ನ್ಯೂಯಾರ್ಕ್ ಬಳಿಯ ಹೊಬೋಕನ್ನಿನಲ್ಲಿ ಹೊಟ್ಟೆಪಾಡಿಗೆ ಮನೆಗಳಿಗೆ ಬಣ್ಣ ಬಳಿದ. ಸರ್ಕಾರ ಕಲಾವಿದರಿಗೆಂದು ಕೊಡುತ್ತಿದ್ದ ಕೆಲಸ ಸಿಕ್ಕಿತ್ತು. ಪೌರತ್ವವಿಲ್ಲದ ಕಾರಣಕ್ಕೆ 1937ರಲ್ಲಿ ಅದನ್ನೂ ಬಿಡಬೇಕಾಯಿತು. ಪೌರತ್ವ ದಕ್ಕಿದ್ದು 1962ರಲ್ಲಿ! ದುಬಾರಿ ಬಣ್ಣ ಕೊಳ್ಳಲು ಕಾಸಿಲ್ಲದೆ, ಗೇಟು ಕಿಟಕಿಗೆ ಹೊಡೆಯುವಂಥ ಹೊಳಪಿನ ಕಪ್ಪು ಬಿಳಿ ಎನಾಮೆಲ್‌ನಲ್ಲಿ ಬರೆದ ಚಿತ್ರಗಳೇ 1948ರ ಅವನ ಮೊದಲ ಏಕವ್ಯಕ್ತಿ ಪ್ರದರ್ಶನದಲ್ಲಿದ್ದವು. ಉದ್ದನೆಯ ಗೆರೆ ಎಳೆಯಲು ಅವನು ಹಿಡಿದದ್ದು ಬೋರ್ಡ್ ಬರೆಯುವವರ ನೀಳ ಕೂದಲಿನ ಬ್ರಷ್.

ಆ ಬ್ರಷ್ ಇಲ್ಲಿ ಇಂದಿಗೂ ಸಿಗುತ್ತದೆ. ಫ್ಲೆಕ್ಸ್ ಬಂದ ಮೇಲೆ ನಾನು ಬಲ್ಲ ಬೇರೆ ಅಂಗಡಿಗಳು ಅದನ್ನು ತರಿಸುವುದನ್ನೇ ಬಿಟ್ಟವು. "ನಾನೂ ಬಿಟ್ಟರೆ ನೀವು ಎಲ್ಲಿಗೆ ಹೋಗುತ್ತೀರಿ ಅಣ್ಣ?" ಎನ್ನುತ್ತಾರೆ ಅಂಗಡಿಯವರು. ಟರ್ಪೆಂಟೈನ್‌ನಲ್ಲಿ ಅದ್ದಿ, ಹಳೆಯ ತಗಡಿನ ಮೇಲೆ ಗೆರೆ ಎಳೆದು ನೋಡಲು ಬಿಡುತ್ತಾರೆ. ಕೂದಲು ಸೀಳದೆ ತುದಿಯವರೆಗೂ ಕೂಡಿಕೊಂಡು ಬಂದರೆ ಕಣ್ಣು ಮುಚ್ಚಿ ಕೊಳ್ಳಿ. ಎನಾಮೆಲ್ ಡಬ್ಬಿಯನ್ನೂ ಮುಚ್ಚಳ ತೆಗೆದು, ತಳದ ಗಸಿಯನ್ನು ಕೋಲಿನಿಂದ ಕಲಕಿ ತೋರಿಸಿಯೇ ಕೊಡುತ್ತಾರೆ. ಈ ತಾಳ್ಮೆಯನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಬಣ್ಣ ಬೇಗ ಒಣಗದಿರಲೆಂದು ಡಿ ಕೂನಿಂಗ್ ಹಸಿ ಚಿತ್ರದ ಮೇಲೆ ಪತ್ರಿಕೆಯ ಹಾಳೆ ಹೊದಿಸುತ್ತಿದ್ದ. ಮಸಿ ಬಣ್ಣಕ್ಕೆ ಹತ್ತಿಕೊಂಡು ಅಕ್ಷರಗಳು ತಿರುಗುಮುರುಗಾಗಿ ಮೂಡುತ್ತಿದ್ದವು. ಎಷ್ಟೋ ಕಡೆ ಹಾಗೆಯೇ ಉಳಿಸಿಕೊಂಡ. ಇಲ್ಲಿಂದ ತಂದ ಬಿಳಿಯ ಮೇಲೆ ನಾನೂ ಮಾಡಿ ನೋಡಿದೆ. ಬಣ್ಣ ಬೆರಳಿಗೆ ಅಂಟಂಟಾಗುವ ಹೊತ್ತಿಗೆ ಕನ್ನಡ ಪತ್ರಿಕೆಯನ್ನು ಒತ್ತಿ, ಮೂಲೆಯಿಂದ ನಿಧಾನವಾಗಿ ಎಬ್ಬಿಸಬೇಕು. ಒತ್ತಕ್ಷರದ ಬಾಲ ಕೂಡ ಬೂದು ಬಣ್ಣದಲ್ಲಿ ನಿಲ್ಲುತ್ತದೆ. ಅದರ ಮೇಲೆ ಕಪ್ಪು ಗೆರೆ ಹರಿಸುವ ಸುಖವೇ ಬೇರೆ.

ಕೊರತೆಯೂ ಇದೆ. ಕ್ಯಾನ್ವಾಸ್ ಇಡುವುದಿಲ್ಲ, ಹಾರ್ಡ್‌ಬೋರ್ಡಿಗೆ ಪ್ಲೈವುಡ್ ಅಂಗಡಿಗೇ ಹೋಗಬೇಕು. ಬಿಳಿ ಎನಾಮೆಲ್ ಬೆಳಕಿಲ್ಲದ ಕೋಣೆಯಲ್ಲಿ ಹಳದಿಗೆ ತಿರುಗುತ್ತದೆ ಎಂಬುದನ್ನು ಕೇಳದಿದ್ದರೆ ಹೇಳುವುದಿಲ್ಲ. ಆಯುಧಪೂಜೆಯ ಹಿಂದಿನ ದಿನಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಉಳಿದಂತೆ ಬೆಳಗ್ಗೆಯೇ ಹೋಗಿ, ಕಪ್ಪು ಬಿಳಿ ಎರಡೂ ಚಿಕ್ಕ ಡಬ್ಬಿ ಕೇಳಿ. ನೀಳ ಬ್ರಷ್ ಗಲ್ಲಾಪೆಟ್ಟಿಗೆಯ ಹಿಂದಿನ ಕಪಾಟಿನಲ್ಲಿದೆ, ಬಾಯಿಬಿಟ್ಟು ಕೇಳಿದರೆ ತೆಗೆದುಕೊಡುತ್ತಾರೆ.