ತೇವ ಹೀರುವ ಡಬ್ಬಿ: ನೀರೇನೋ ತುಂಬಿತು, ವಾಸನೆ ಹೋಯ್ತಾ?

ಕಾಪುವಿನ ಅಜ್ಜಿಮನೆಯಿಂದ ಹಲಸಿನ ಮರದ ಕಪಾಟು ಮಂಗಳೂರು ಕದ್ರಿಯ ನಮ್ಮ ಫ್ಲ್ಯಾಟಿಗೆ ಬಂದದ್ದು ಮೇ ತಿಂಗಳಲ್ಲಿ. ಆಗ ಏನೂ ಗೊತ್ತಾಗಲಿಲ್ಲ. ಜೂನ್‌ನಲ್ಲಿ ಮಳೆ ಹಿಡಿದದ್ದೇ ತಡ, ಬಾಗಿಲು ತೆಗೆದರೆ ಮುಗ್ಗಲು ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅಮ್ಮ ನುಸಿಗುಳಿಗೆ ಹಾಕಿದರು. ಒಂದಿದ್ದ ವಾಸನೆ ಎರಡಾಯಿತು, ಅಷ್ಟೇ.

ಆಮೇಲೆ ಆನ್‌ಲೈನ್‌ನಲ್ಲಿ ತೇವ ಹೀರುವ ಡಬ್ಬಿ ತರಿಸಿದೆ. 600 ಎಂಎಲ್‌ನ ಮೂರು. ಒಳಗಿರುವುದು ಕ್ಯಾಲ್ಸಿಯಂ ಕ್ಲೋರೈಡ್ ಹರಳು, ಗಾಳಿಯ ತೇವ ಕುಡಿದು ತಾನೇ ಕರಗಿ ಕೆಳಗೆ ನೀರಾಗಿ ಇಳಿಯುತ್ತದೆ. ಕೆಲಸ ಮಾಡುತ್ತದಾ ಅಂದರೆ ಖಂಡಿತ ಮಾಡುತ್ತದೆ. ಹತ್ತೇ ದಿನಕ್ಕೆ ಅರ್ಧ ಡಬ್ಬಿ ನೀರು ನೋಡಿ ದಂಗಾದೆ. ಹೊಸ ಬೂಷ್ಟೂ ಬರಲಿಲ್ಲ. ಆದರೆ ವಾಸನೆ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ!

ಒಂದು ದಿನ ಟಾರ್ಚ್ ಹಿಡಿದು ಒಳಗೆ ನೋಡಿದೆ. ಹೊರಗೆಲ್ಲ ಪಾಲಿಶ್, ಆದರೆ ಡ್ರಾಯರಿನ ಅಡಿ, ಹಿಂದಿನ ಹಲಗೆ ಎಲ್ಲ ಬರೀ ಮರ. ಇಷ್ಟು ವರ್ಷದ ವಾಸನೆ ಕುಡಿದು ಕೂತದ್ದು ಅದೇ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಚೆನ್ನಾಗಿ ಹಿಂಡಿ ಒರೆಸಿದೆ. ತುಳುವರ ಆಟಿ ತಿಂಗಳ ಮಳೆಯ ನಡುವೆ ಎರಡು ದಿನ ಬಿಸಿಲು ಬಿತ್ತು (ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಒಡೆಯುತ್ತದೆ ಅಂತಾರಲ್ವಾ), ಡ್ರಾಯರ್‌ಗಳನ್ನೆಲ್ಲ ಟೆರೇಸಿಗೆ ಹೊತ್ತೆ. ಒಳಗೆ ಸ್ಪಿರಿಟ್ ಪಾಲಿಶ್ (ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು) ಹೊಡೆಸಲು ಮಾತ್ರ ಮಳೆ ಬಿಡುವವರೆಗೆ ಕಾದೆ, ಯಾಕಂದರೆ ತೇವ ಇರುವಾಗ ಬಳಿದರೆ ಅರಗು ಬಿಳಿಚಿಕೊಳ್ಳುತ್ತದೆ ಅಂತ ಆಚಾರಿಯವರು ಮೊದಲೇ ಹೇಳಿದ್ದರು. ಎರಡು ಕೋಟ್ ಬಿದ್ದ ಮೇಲೆ ವಾಸನೆ ನಿಂತಿತು. ಅರಗು ಮರದ ಮೇಲೆ ಪದರ ಕಟ್ಟಿ ವಾಸನೆಯನ್ನು ಒಳಗೇ ಕೂಡಿ ಹಾಕುತ್ತದೆ. ಡಬ್ಬಿಗೆ ಕೊಟ್ಟದ್ದಕ್ಕಿಂತ ಜಾಸ್ತಿ ಕೂಲಿ ಆಯಿತು, ಬೇಜಾರಿಲ್ಲ.

ಡಬ್ಬಿ ಬಗ್ಗೆ ಒಂದು ದೂರು ಇದೆ. ಮೂರರಲ್ಲಿ ಒಂದರ ಮೇಲಿನ ಹಾಳೆ ಸರಿಯಾಗಿ ಅಂಟಿರಲಿಲ್ಲ, ಅದು ಮಗುಚಿ ಅಮ್ಮನ ಸೀರೆ ಒದ್ದೆಯಾಯಿತು. ಆ ನೀರು ಸಾದಾ ನೀರಲ್ಲ. ಎಣ್ಣೆ ಹಾಗೆ ಜಿಗುಟು, ಮೂರು ದಿನ ಬಿಟ್ಟರೂ ಒಣಗಲಿಲ್ಲ, ಕೊನೆಗೆ ತೊಳೆಯಲೇಬೇಕಾಯಿತು. ಚರ್ಮದ ಬ್ಯಾಗ್, ಬೆಲ್ಟ್ ಹತ್ತಿರ ಇಡಲೇಬೇಡಿ. ಮಾರಿದವರಿಗೆ ಬರೆದೆ, ಉತ್ತರ ಇಲ್ಲ.

ಐದರಲ್ಲಿ ಮೂರು ಕೊಡುತ್ತೇನೆ. ಪಾಲಿಶ್ ಆದ ಕಪಾಟಿನಲ್ಲಿ ಈಗಲೂ ಒಂದು ಡಬ್ಬಿ ಇಟ್ಟಿದ್ದೇನೆ, ಕೆಳಗೆ ಸ್ಟೀಲ್ ತಟ್ಟೆ ಇಟ್ಟು. ಬಾಗಿಲು ಬಿಗಿಯಾಗಿ ಮುಚ್ಚುವ ಕಪಾಟಾದರೆ ಮಾತ್ರ ತಗೊಳ್ಳಿ. ತೆರೆದ ಶೆಲ್ಫಿನಲ್ಲಿಟ್ಟರೆ ಪಾಪ, ಅದು ಮಂಗಳೂರಿನ ಮಳೆಗಾಲವನ್ನೇ ಕುಡಿಯಲು ಕೂರುತ್ತದೆ.