ಮೂಳೆಗಳ ಚರ್ಚ್: ಸೆಡ್ಲೆಕ್‌ಗೆ ಹೋಗಬೇಕಾ, ರೋಮ್ ಸಾಕಾ?

ಮನುಷ್ಯರ ಮೂಳೆಗಳಿಂದಲೇ ಅಲಂಕರಿಸಿದ ಈ ಎರಡು ಜಾಗಗಳಲ್ಲಿ ಒಂದನ್ನೇ ನೋಡೋಕೆ ಸಮಯ ಇದ್ದರೆ ನನ್ನ ಮತ ಸೆಡ್ಲೆಕ್‌ಗೆ. ಚೆಕ್ ದೇಶದ ಕುಟ್ನಾ ಹೋರಾ ಊರಿನ ಅಂಚಿನಲ್ಲಿದೆ, ಪ್ರಾಗ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಪ್ಲೇಗ್ ಮತ್ತು ಯುದ್ಧಗಳಲ್ಲಿ ಸತ್ತವರೂ ಸೇರಿ 40,000ಕ್ಕೂ ಜಾಸ್ತಿ ಜನರ ಮೂಳೆಗಳು ಅಲ್ಲಿವೆ ಎನ್ನುತ್ತಾರೆ. 1870ರಲ್ಲಿ ಫ್ರಾಂಟಿಶೆಕ್ ರಿಂಟ್ ಎಂಬ ಮರಗೆಲಸದವನು ಇವನ್ನು ಜೋಡಿಸಿದ. ನಡುವೆ ತೂಗುವ ದೊಡ್ಡ ದೀಪಗುಚ್ಛವನ್ನೇ ಎಲ್ಲರೂ ನೋಡುತ್ತಾರೆ. ನೀವು ರಿಂಟ್‌ಗೆ ಈ ಕೆಲಸ ಕೊಟ್ಟ ಶ್ವಾರ್ಜೆನ್‌ಬರ್ಗ್ ಮನೆತನದ ಲಾಂಛನದ ಹತ್ತಿರವೂ ಹೋಗಿ ನಿಲ್ಲಿ. ಅದರಲ್ಲಿ ಮೂಳೆಯ ಕಾಗೆಯೊಂದು ತಲೆಬುರುಡೆಯ ಕಣ್ಣು ಕುಕ್ಕುತ್ತಿದೆ. ಸಣ್ಣ ಸಣ್ಣ ಮೂಳೆಗಳೇ ಅದರ ರೆಕ್ಕೆ! ಗೋಡೆಯ ಮೇಲೆ ರಿಂಟ್ ತನ್ನ ಹೆಸರನ್ನೂ ಮೂಳೆಗಳಲ್ಲೇ ಬರೆದಿದ್ದಾನೆ.

ರೋಮ್‌ನಲ್ಲಿ ಕಾಪುಚಿನ್ ಎಂಬ ಕ್ಯಾಥೊಲಿಕ್ ಪಂಥದ ಸನ್ಯಾಸಿಗಳ ನೆಲಮಾಳಿಗೆಯ ಭಾವವೇ ಬೇರೆ. ಅದು ವಿಯಾ ವೆನೆಟೊ ರಸ್ತೆಯ ಚರ್ಚೊಂದರ ಕೆಳಗಿದೆ, ಬಾರ್ಬೆರಿನಿ ಮೆಟ್ರೋದಿಂದ ನಡೆದೇ ಹೋಗಬಹುದು. ಅಲ್ಲಿರುವುದು ಸುಮಾರು 3,700 ಸನ್ಯಾಸಿಗಳ ಮೂಳೆ. ಕೆಲವು ಅಸ್ಥಿಪಂಜರಗಳು ಇನ್ನೂ ಕಂದು ನಿಲುವಂಗಿ ತೊಟ್ಟು ನಿಂತಿವೆ. ಜಾಗ ಇಕ್ಕಟ್ಟು, ಮುಖಕ್ಕೆ ಮುಖ ಕೊಟ್ಟು ನಿಂತ ಹಾಗಾಗುತ್ತದೆ. ಮನಸ್ಸಿಗೆ ಹೆಚ್ಚು ತಟ್ಟುವುದು ಇದೇ, ನಿಜ. ಆದರೆ ಮಕ್ಕಳು ಜೊತೆಗಿದ್ದರೆ ಇದು ಬೇಡ.

ಎರಡೂ ಕಡೆ ಫೋಟೊ ತೆಗೆಯುವಂತಿಲ್ಲ. ಒಳ್ಳೆಯದೇ ಆಯಿತು, ಅವರೂ ಮನುಷ್ಯರೇ ಅಲ್ವಾ? ರೋಮ್‌ಗೆ ಹೇಗೂ ಹೋಗುವವರಾದರೆ ಅರ್ಧ ದಿನ ಇಟ್ಟುಕೊಳ್ಳಿ, ಮೇಲಿನ ಚರ್ಚನ್ನೂ ನೋಡಿ ಬನ್ನಿ.