ಮೂರು ಮಳೆಗಾಲ ಕಂಡ ಕುದುರೆ ರಗ್: ಭರ್ತಿಯಿಲ್ಲದ 600 ಡೆನಿಯರ್ ಶೀಟಿನ ವಿಮರ್ಶೆ

ಬೆಂಗಳೂರಿನ ಸುತ್ತಮುತ್ತ ಕುದುರೆಗೆ ರಗ್ (ಮೈಹೊದಿಕೆ) ಕೊಳ್ಳುವವರು ಮೊದಲು ಎಡವುವುದು ಭರ್ತಿಯ ವಿಷಯದಲ್ಲಿ. ಅಂಗಡಿಯಲ್ಲಿ ಮುಂದೆ ಹರಡುವುದು ಚದರ ಮೀಟರಿಗೆ 200 ಅಥವಾ 300 ಗ್ರಾಂ ಪಾಲಿಯೆಸ್ಟರ್ ತುಂಬಿದ ದಪ್ಪ ರಗ್. ಅದು ಹಿಮ ಬೀಳುವ ಊರಿಗೆ ಸರಿ. ಇಲ್ಲಿ ಜನವರಿ ರಾತ್ರಿಯಲ್ಲೂ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು ಇರುತ್ತದೆ. ಮೈ ಒಣಗಿದ್ದು ಲಾಯದೊಳಗೆ ನಿಂತ, ಹೊಟ್ಟೆ ತುಂಬ ಹುಲ್ಲು ತಿಂದ ಕುದುರೆಗೆ ಅಷ್ಟು ಚಳಿ ಲೆಕ್ಕಕ್ಕಿಲ್ಲ. ದಪ್ಪ ರಗ್ ಹೊದಿಸಿದರೆ ಬೆವರು ಒಳಗೇ ನಿಂತು ಚರ್ಮ ಕೆಡುತ್ತದೆ.

ಇಲ್ಲಿ ನಿಜಕ್ಕೂ ಬೇಕಾದ್ದು ಮಳೆ, ಗಾಳಿ ತಡೆಯುವ, ಭರ್ತಿಯೇ ಇಲ್ಲದ ಶೀಟ್. ನಮ್ಮ ಲಾಯದಲ್ಲಿ ಬಳಕೆಯಲ್ಲಿರುವುದು ಕಾನ್ಪುರದಲ್ಲಿ ಹೊಲಿದ 600 ಡೆನಿಯರ್ ಪಾಲಿಯೆಸ್ಟರಿನದು. ಒಳಗೆ ನೈಲಾನ್ ಲೈನಿಂಗ್, ಎದೆಗೆ ಎರಡು ಬಕಲ್, ಹೊಟ್ಟೆಯಡಿ ಅಡ್ಡಡ್ಡ ಹಾಯುವ ಎರಡು ಪಟ್ಟಿ, ಹಿಂಗಾಲಿಗೆ ಎರಡು ಪಟ್ಟಿ. ಡೆನಿಯರ್ ಎಂದರೆ 9000 ಮೀಟರ್ ನೂಲಿನ ತೂಕ, ಗ್ರಾಂ ಲೆಕ್ಕದಲ್ಲಿ. ಸಂಖ್ಯೆ ಹೆಚ್ಚಿದರೆ ಬಟ್ಟೆ ಸುಲಭಕ್ಕೆ ಹರಿಯುವುದಿಲ್ಲ, ಅಷ್ಟೇ. ನೀರು ತಡೆಯುವುದು ಒಳಮೈಯ ಲೇಪ, ನೂಲಲ್ಲ. ಒಂದೇ ಬೇಲಿಯೊಳಗೆ ಕಚ್ಚಾಡುವ ಕುದುರೆಗಳಿದ್ದರೆ 1200 ತೆಗೆದುಕೊಳ್ಳಿ. ಬೇರೆ ಬೇರೆ ಬಿಡುವವರಿಗೆ 600 ಸಾಕು.

ಅಳತೆ ತಪ್ಪಿದರೆ ಎಂಥ ಬಟ್ಟೆಯಾದರೂ ದಂಡ. ಕುದುರೆಯನ್ನು ಸಮತಟ್ಟಾದ ನೆಲದಲ್ಲಿ ನಾಲ್ಕೂ ಕಾಲು ನೆಟ್ಟಗಿರುವಂತೆ ನಿಲ್ಲಿಸಿ, ಎದೆಯ ನಡುವಿನಿಂದ ಭುಜದ ಮೇಲೆ ಹಾಯ್ದು ಪಿರ್ರೆಯ ಹಿಂತುದಿಯವರೆಗೆ ಟೇಪನ್ನು ನೇರವಾಗಿ ಹಿಡಿಯಬೇಕು. 72 ಇಂಚು ಬಂದರೆ 6 ಅಡಿಯ ರಗ್. ಎರಡು ಅಳತೆಗಳ ನಡುವೆ ಬಂದರೆ ದೊಡ್ಡದನ್ನು ಆರಿಸುವುದು ರೂಢಿ, ಆದರೆ ರೇಸ್ ತಳಿಯ ತರೋಬ್ರೆಡ್‌ಗಳ ಎದೆ ಕಿರಿದು, ವಿದರ್ಸ್ (ಕುತ್ತಿಗೆ ಬೆನ್ನು ಸೇರುವಲ್ಲಿನ ಉಬ್ಬು) ಎತ್ತರ. ದೊಡ್ಡ ರಗ್ ಹಿಂದಕ್ಕೆ ಜಾರಿ ಭುಜದ ಮೇಲೆ ಜೋತುಬೀಳುತ್ತದೆ. ಯುರೋಪಿನ ರಗ್‌ಗಳ ಸೆಂಟಿಮೀಟರ್ ಅಳತೆ ಬೆನ್ನಿನ ಉದ್ದದ್ದು, ಎದೆಯಿಂದ ತೆಗೆದದ್ದಲ್ಲ. ಬರೀ ಇಂಚನ್ನು 2.54ರಿಂದ ಗುಣಿಸಿ ಆರ್ಡರ್ ಮಾಡಿದರೆ ಆನೆಗೆ ಹೊದಿಸುವಂಥದ್ದು ಬರುತ್ತದೆ.

ಹೊದಿಸಿದ ಮೇಲೆ ಕುತ್ತಿಗೆಯ ಅಂಚು ವಿದರ್ಸ್‌ಗಿಂತ ಮೂರು ನಾಲ್ಕು ಬೆರಳು ಮುಂದಿರಬೇಕು, ಅದರ ಮೇಲೇ ಕೂರಬಾರದು. ಎದೆಯ ಬಕಲ್ ಹಾಕಿದ ಮೇಲೂ ಅಂಗೈ ಸಲೀಸಾಗಿ ಒಳಗೆ ಹೋಗಬೇಕು. ಹೊಟ್ಟೆಪಟ್ಟಿಗೂ ಹೊಟ್ಟೆಗೂ ನಾಲ್ಕು ಇಂಚು ಅಂತರ ಇರಲಿ. ಇನ್ನೂ ಸಡಿಲ ಬಿಟ್ಟರೆ ಮಲಗಿ ಏಳುವಾಗ ಗೊರಸು ಸಿಕ್ಕಿಕೊಳ್ಳುತ್ತದೆ. ಹಿಂಗಾಲಿನ ಒಂದು ಪಟ್ಟಿಯನ್ನು ಇನ್ನೊಂದರೊಳಗೆ ತೂರಿಸಿ ಹಾಕಿದರೆ ತೊಡೆ ಉಜ್ಜುವುದಿಲ್ಲ. ಕ್ಲಿಪ್‌ಗಳ ಬಾಯಿ ಮೈಯ ಕಡೆಗೇ ಇರಲಿ, ಹೊರಕ್ಕೆ ತಿರುಗಿದ್ದರೆ ಹುಲ್ಲಿನ ಬಲೆಗೋ ಬೇಲಿಗೋ ಸಿಗುತ್ತದೆ. ರಗ್ಗನ್ನು ಸ್ವಲ್ಪ ಮುಂದಕ್ಕೆ ಹಾಕಿ ಕೂದಲಿನ ದಿಕ್ಕಿನಲ್ಲಿ ಹಿಂದಕ್ಕೆ ಜಾರಿಸಬೇಕು. ಮೊದಲು ಎದೆ, ಆಮೇಲೆ ಹೊಟ್ಟೆ, ಕೊನೆಗೆ ಕಾಲು. ತೆಗೆಯುವಾಗ ಇದರ ತಿರುವುಮುರುವು. ಎದೆ ಬಿಚ್ಚಿ ಕಾಲಿನ ಪಟ್ಟಿ ಹಾಗೇ ಇದ್ದಾಗ ಕುದುರೆ ಬೆಚ್ಚಿದರೆ ರಗ್ ಪೂರ್ತಿ ಹಿಂಗಾಲಿಗೆ ಸುತ್ತಿಕೊಳ್ಳುತ್ತದೆ. ಕುದುರೆ ನೋಡಿಕೊಳ್ಳುವ ಹೊಸ ಸೈಸ್‌ಗೆ ಮೊದಲ ದಿನವೇ ಕಲಿಸಬೇಕಾದ ಪಾಠ ಇದು.

ಮೊದಲ ಮಳೆಗಾಲ ಒಂದು ಹನಿಯೂ ಒಳಗಿಳಿಯಲಿಲ್ಲ. ಎರಡನೆಯದರಲ್ಲಿ ವಿದರ್ಸ್ ಹತ್ತಿರ ಮತ್ತು ಹೊಟ್ಟೆಪಟ್ಟಿ ಹೊಲಿದ ಜಾಗದಲ್ಲಿ ಒದ್ದೆ ಕಾಣಿಸಿತು: ಒಂದು ಕಡೆ ಉಜ್ಜಾಟ, ಇನ್ನೊಂದು ಕಡೆ ಟೇಪ್ ಹಾಕದ ಸೂಜಿತೂತು. ಮೂರನೆಯ ವರ್ಷಕ್ಕೆ ಬಾಲದ ಕಡೆಯ ಲೇಪ ಸಿಪ್ಪೆಯಂತೆ ಎದ್ದಿತು. ಮೂತ್ರದ ಅಮೋನಿಯಾ, ಒದ್ದೆಯಾಗೇ ಮಡಚಿಟ್ಟದ್ದು ಎರಡೂ ಸೇರಿ ಮಾಡಿದ ಕೆಲಸ. ಕಾಲುಪಟ್ಟಿಯ ಎಲಾಸ್ಟಿಕ್ ಒಂದೇ ವರ್ಷಕ್ಕೆ ಸತ್ತಿತು. ಅದನ್ನು ಚಪ್ಪಲಿ ಹೊಲಿಯುವವರ ಹತ್ತಿರ ಬದಲಾಯಿಸಿಕೊಳ್ಳಬಹುದು, ಹೊಸ ರಗ್ ಬೇಕಿಲ್ಲ.

ಒಗೆಯುವಾಗ ಬಟ್ಟೆ ಸೋಪಿನ ಪುಡಿ, ಕಂಫರ್ಟ್ ಥರದ್ದು, ಬಿಸಿನೀರು, ಪ್ರೆಷರ್ ಪಂಪ್ ಯಾವುದೂ ಬೇಡ. ಎಲ್ಲವೂ ಲೇಪದ ಶತ್ರುಗಳೇ. ಕೆಸರು ಒಣಗಲು ಬಿಟ್ಟು ಬ್ರಷ್‌ನಿಂದ ಉದುರಿಸಿ, ತಣ್ಣೀರಿನಲ್ಲಿ ಅಲಸಿ, ನೆರಳಲ್ಲಿ ಹರವಬೇಕು. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ನೀರುನಿರೋಧಕ ದ್ರವ ಬಳಿದರೆ ಒಂದು ಮಳೆಗಾಲ ಹೆಚ್ಚಿಗೆ ಬಾಳುತ್ತದೆ.

ಮಳೆ ನಿಂತು ಬಿಸಿಲು ಬಿದ್ದ ಕೂಡಲೇ ತೆಗೆಯಬೇಕು ಅನ್ನುವುದೇ ಈ ಶೀಟಿನ ದೊಡ್ಡ ತಾಪತ್ರಯ. ದಿನಕ್ಕೆರಡು ಸಲ ವಿದರ್ಸ್ ಮತ್ತು ಮುಂಗಾಲ ಸಂದಿಯ ಹಿಂದೆ ಕೈ ತೂರಿಸಿ ನೋಡಿ. ಒದ್ದೆಯಿದ್ದರೆ ಅಲ್ಲಿಯೇ ಬಿಚ್ಚಿ. ದಿನಗಟ್ಟಲೆ ತೇವ ಉಳಿದರೆ ಡರ್ಮಟೋಫಿಲಸ್ ಎಂಬ ಬ್ಯಾಕ್ಟೀರಿಯಾ ಚರ್ಮಕ್ಕೆ ಹತ್ತಿ, ಕೂದಲು ಹಕ್ಕಳೆಯ ಸಮೇತ ಕುಚ್ಚು ಕುಚ್ಚಾಗಿ ಕಿತ್ತುಬರುತ್ತದೆ.

ನೊಣ, ಸೊಳ್ಳೆಗೆ ಈ ಶೀಟ್ ಅಲ್ಲ, ಬಿಳಿ ಜಾಲರಿಯದೇ ಬೇಕು. ಮೈ ಕೆರೆತ ಹತ್ತಿಸುವ ಕ್ಯುಲಿಕಾಯ್ಡಿಸ್ ನುಸಿ ಒಂದರಿಂದ ಮೂರು ಮಿಲಿಮೀಟರ್ ಮಾತ್ರ; ಅಗಲ ಕಣ್ಣಿನ ಜಾಲರಿಯಲ್ಲಿ ಆರಾಮವಾಗಿ ನುಗ್ಗುತ್ತದೆ. ದೊಡ್ಡ ಕುದುರೆನೊಣಗಳ ಕತೆ ಬೇರೆ: 2019ರಲ್ಲಿ ಪ್ರಕಟವಾದ, ಇಂಗ್ಲೆಂಡಿನಲ್ಲಿ ನಡೆದ ಅಧ್ಯಯನದಲ್ಲಿ ಝೀಬ್ರಾ ಪಟ್ಟೆಯ ಹೊದಿಕೆ ತೊಟ್ಟ ಕುದುರೆಗಳ ಮೇಲೆ ಅವು ಕೂತದ್ದು ಕಡಿಮೆ, ಹೊದಿಕೆ ಇಲ್ಲದ ತಲೆಯ ಮೇಲೆ ಮಾತ್ರ ಎಂದಿನಷ್ಟೇ.

ಡಿಸೆಂಬರ್ ಸಂಜೆ ಮೈ ತೊಳೆದ ಮೇಲೆ ಹೊದಿಸಲು ಮೈ ಆರಿಸುವ ಹೊದಿಕೆಯಾದ ಫ್ಲೀಸ್ ಕೂಲರ್‌ಗೆ ದುಡ್ಡು ಸುರಿಯುವ ಮುಂಚೆ ಚಳ್ಳಕೆರೆಯ ಕುರಿ ಕಂಬಳಿ ನೋಡಿ. ಉಣ್ಣೆ ತೇವ ಹೀರಿದರೂ ತಣ್ಣಗಾಗುವುದಿಲ್ಲ. ಒರಟು, ಚುಚ್ಚುತ್ತದೆ, ಹಾಗಾಗಿ ಅಡಿಗೆ ಹಳೆ ಹತ್ತಿ ಪಂಚೆ ಹಾಸಿ. ಮೈ ಆರಿದ ತಕ್ಷಣ ಎರಡನ್ನೂ ತೆಗೆಯಿರಿ.